1966ರ ಮಸ್ಟ್ಯಾಂಗ್ 289: ಬ್ರೇಕ್, ಬಿಸಿಯಾದ ಮೇಲೆ ಸ್ಟಾರ್ಟ್ ಆಗದಿರುವುದು, ಕಾಲ ಬಳಿ ನೀರು – ಗೊತ್ತಿದ್ದವರು ತಿಳಿಸಿ

ಪ್ರಶ್ನೆ – ನ್ಯೂಜೆರ್ಸಿಯಿಂದ

ನಮಸ್ಕಾರ. 1966ರ ಫೋರ್ಡ್ ಮಸ್ಟ್ಯಾಂಗ್ ಹಾರ್ಡ್‌ಟಾಪ್ ಕೊಂಡಿದ್ದೇನೆ. 289 (ಕ್ಯೂಬಿಕ್ ಇಂಚಿನ) ವಿ8 ಎಂಜಿನ್, ಎರಡು ಬ್ಯಾರೆಲ್ ಆಟೋಲೈಟ್ 2100 ಕಾರ್ಬ್ಯುರೇಟರ್, ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕೂ ಕಡೆ ಡ್ರಮ್ ಬ್ರೇಕ್. ಹಲವು ವರ್ಷ ಗ್ಯಾರೇಜಿನಲ್ಲೇ ನಿಂತಿದ್ದ ಗಾಡಿ. ತೊಂದರೆ ಮೂರು. ಬ್ರೇಕ್ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಎಂಜಿನ್ ಆರುವವರೆಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಮಳೆ ಬಂದರೆ ಪಕ್ಕದ ಸೀಟಿನ ಕಾರ್ಪೆಟ್ ನೆನೆಯುತ್ತದೆ. ಯಾವುದರಿಂದ ಶುರು ಮಾಡಲಿ? ಪಾರ್ಟ್ಸ್ ಎಲ್ಲಿ ತರಿಸಲಿ?

ಉತ್ತರ – ಮಿಶಿಗನ್‌ನಿಂದ

ಬ್ರೇಕಿನಿಂದ ಶುರು ಮಾಡಿ ಸರ್. ಅದು ಸರಿಹೋಗುವ ತನಕ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. 66ರಲ್ಲಿ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಭಾಗ) ಇರುವುದು ಒಂದೇ ಎಣ್ಣೆ ಬಟ್ಟಲು. ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಎರಡು ಬಟ್ಟಲಿನ ಸಿಲಿಂಡರ್ ಮಸ್ಟ್ಯಾಂಗ್‌ಗೆ ಬಂದದ್ದು 1967ರಲ್ಲಿ.

ಏನನ್ನೂ ಬಿಚ್ಚುವ ಮೊದಲು ಪೆಡಲ್ ಒತ್ತಿ ನೋಡಿ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಎತ್ತರದಲ್ಲಿ ಗಟ್ಟಿಯಾಗಿ ನಿಂತರೆ ಶೂಗಳು (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ತುಂಡುಗಳು) ಡ್ರಮ್ಮಿನಿಂದ ದೂರ ಉಳಿದಿವೆ ಎಂದರ್ಥ, ಅಡ್ಜಸ್ಟ್‌ಮೆಂಟ್ ಸಾಕು. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ. ಒಂದೇ ಸಮ ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಎಣ್ಣೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ಕಪ್ ಸವೆದಿದೆ. ಹೊರಗೆ ಸೋರಿಕೆ ಇದೆಯೇ ಎಂದು ನೋಡಲು ಚಕ್ರದ ಒಳಬದಿ ಸಾಲದು. ಡ್ರಮ್ ತೆಗೆದು ವೀಲ್ ಸಿಲಿಂಡರ್‌ನ ರಬ್ಬರ್ ಬೂಟನ್ನು ಬೆರಳಿನಿಂದ ಸ್ವಲ್ಪ ಸರಿಸಿ. ಒಳಗೆ ಒದ್ದೆ ಇದ್ದರೆ ಆ ಸಿಲಿಂಡರ್ ಹೋಗಿದೆ.

ಇಷ್ಟು ವರ್ಷ ನಿಂತ ಗಾಡಿಯಲ್ಲಿ ನಾಲ್ಕು ವೀಲ್ ಸಿಲಿಂಡರ್, ಮೂರು ರಬ್ಬರ್ ಹೋಸ್ (ಮುಂದೆ ಎರಡು, ಹಿಂದೆ ಒಂದು), ಮಾಸ್ಟರ್ ಸಿಲಿಂಡರ್ – ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಎಣ್ಣೆ ಹಿಂದಕ್ಕೆ ಬರದಂತೆ ತಡೆಯುತ್ತದೆ. ಆಗ ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ. ವಿ8 ಗಾಡಿಗೆ 10 ಇಂಚಿನ ಡ್ರಮ್, ಆರು ಸಿಲಿಂಡರ್‌ನದಕ್ಕೆ 9 ಇಂಚು. ಆರ್ಡರ್ ಮಾಡುವಾಗ ಇದನ್ನು ಗಮನಿಸಿ.

ಶೂ ಕೂರಿಸುವಾಗ ಲೈನಿಂಗ್ ಗಿಡ್ಡವಾಗಿರುವುದು ಗಾಡಿಯ ಮುಂಭಾಗದ ಕಡೆಗೆ, ಉದ್ದದ್ದು ಹಿಂದಕ್ಕೆ. ಸೆಲ್ಫ್ ಅಡ್ಜಸ್ಟರ್‌ನ ನಕ್ಷತ್ರ ಸ್ಕ್ರೂಗಳಲ್ಲಿ ಎಡ ಬಲ ಬೇರೆ ಬೇರೆ, ಮರೆತು ಅದಲುಬದಲಾದರೆ ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಶೂ ಹತ್ತಿರವಾಗುವ ಬದಲು ದೂರ ಸರಿಯುತ್ತದೆ. ಒಂದು ಬದಿಯನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದನ್ನು ಬಿಚ್ಚಿ, ನೋಡಿಕೊಂಡು ಜೋಡಿಸಲು ಒಂದು ಮಾದರಿ ಕಣ್ಣೆದುರಿಗೇ ಇರುತ್ತದೆ. ಹಳೆಯ ಲೈನಿಂಗ್ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆಯಬೇಡಿ, ಬ್ರೇಕ್ ಕ್ಲೀನರ್‌ನಿಂದ ನೆನೆಸಿ ಒರೆಸಿ.

ಉತ್ತರ – ಓಹಾಯೋದಿಂದ

ಮೇಲಿನದಕ್ಕೆ ಸೇರಿಸುತ್ತೇನೆ. ಮಾಸ್ಟರ್ ಸಿಲಿಂಡರ್ ಹೇಗೂ ಬದಲಿಸುವಿರಾದರೆ 1967ರ ಡ್ರಮ್ ಬ್ರೇಕಿನ ಎರಡು ಬಟ್ಟಲಿನದನ್ನೇ ಹಾಕಿ. ಫೈರ್‌ವಾಲ್‌ನ ಬೋಲ್ಟಿಗೆ ಹಾಗೆಯೇ ಕೂರುತ್ತದೆ. ಕೆಳಗೆ ಲೈನುಗಳು ಕವಲೊಡೆಯುವ ಹಿತ್ತಾಳೆ ಬ್ಲಾಕಿನಿಂದ ಹಿಂಚಕ್ರದ ಲೈನ್ ಬಿಚ್ಚಿ, ಆ ತೂತಿಗೆ ಪ್ಲಗ್ ಹಾಕಿ, ಹಿಂದಿನ ಲೈನನ್ನು ಹೊಸ ಸಿಲಿಂಡರ್‌ನ ಇನ್ನೊಂದು ಕೋಣೆಗೆ ನೇರ ಜೋಡಿಸಬೇಕು. ಪೈಪ್ 3/16 ಇಂಚಿನದು, ತುದಿಗೆ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿ ಅಗಲಿಸಿದ ಬಾಯಿ). ಸಿಂಗಲ್ ಫ್ಲೇರ್ ಒತ್ತಡಕ್ಕೆ ಬಿರುಕು ಬಿಡುತ್ತದೆ. ಕಂಪ್ರೆಷನ್ ಫಿಟ್ಟಿಂಗನ್ನು ಬ್ರೇಕ್ ಲೈನಿನ ಹತ್ತಿರವೂ ತರಬೇಡಿ.

ಪುಶ್‌ರಾಡ್ ಮತ್ತು ಪಿಸ್ಟನ್ ನಡುವೆ ಸ್ವಲ್ಪ ಫ್ರೀ ಪ್ಲೇ ಬೇಕೇ ಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಎಣ್ಣೆ ವಾಪಸ್ ಬಟ್ಟಲಿಗೆ ಹೋಗುವ ಸಣ್ಣ ತೂತು ತೆರೆಯುವುದಿಲ್ಲ, ನಾಲ್ಕು ಮೈಲಿ ಹೋಗುವಷ್ಟರಲ್ಲಿ ಡ್ರಮ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕೂರಿಸುವ ಮುನ್ನ ಸಿಲಿಂಡರನ್ನು ವೈಸಿನಲ್ಲಿ ಹಿಡಿದು ಬೆಂಚ್ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ತೆಗೆಯಿರಿ. ಆಮೇಲೆ ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಎಡ ಮುಂದೆ ಈ ಕ್ರಮದಲ್ಲಿ ಬ್ಲೀಡ್ ಮಾಡಿ. ಡಾಟ್ 3 ಬ್ರೇಕ್ ಎಣ್ಣೆ ಸಾಕು. ಸಿಲಿಕೋನಿನ ಡಾಟ್ 5 ಜೊತೆ ಬೆರೆಸುವ ಹಾಗಿಲ್ಲ.

ಮುಂದೆ ಡಿಸ್ಕ್ ಹಾಕುವ ಯೋಚನೆ ಇದ್ದರೆ ಈ ಡ್ರಮ್ ಸಿಲಿಂಡರ್ ತರಬೇಡಿ. ಅದರೊಳಗೆ ಸುಮಾರು 10 ಪಿಎಸ್‌ಐ ಉಳಿಸಿಕೊಳ್ಳುವ ರೆಸಿಡುಯಲ್ ವಾಲ್ವ್ ಇರುತ್ತದೆ. ಡಿಸ್ಕಿಗೆ ಅಷ್ಟು ಒತ್ತಡ ಉಳಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಉತ್ತರ – ಟೆಕ್ಸಸ್‌ನಿಂದ

ಬಿಸಿ ಸ್ಟಾರ್ಟ್ ವಿಷಯ. ದಯವಿಟ್ಟು ಅಂದಾಜಿನ ಮೇಲೆ ಕಾಯಿಲ್ (ಕಿಡಿಗೆ ವೋಲ್ಟೇಜ್ ಏರಿಸುವ ಭಾಗ), ಫ್ಯೂಯಲ್ ಪಂಪ್, ಕಾರ್ಬ್ಯುರೇಟರ್ ಸಾಲಾಗಿ ಕೊಳ್ಳಬೇಡಿ. ಸ್ಟಾರ್ಟ್ ಆಗದ ಆ ಗಳಿಗೆಯಲ್ಲೇ ಬಾನೆಟ್ ತೆಗೆದು ಮೂರು ವಿಷಯ ನೋಡಿ.

ಸ್ಟಾರ್ಟರ್ ಎಂದಿನ ವೇಗದಲ್ಲಿ ತಿರುಗುತ್ತಿದೆಯೇ? ಬಿಸಿಯಲ್ಲಿ ಮಾತ್ರ ನಿಧಾನವಾದರೆ ಬ್ಯಾಟರಿ ಕೇಬಲ್ ತೆಳುವಾಗಿದೆ, ಅಥವಾ ಎಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ಇಲ್ಲ, ಅಥವಾ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹೆಚ್ಚು ಮುಂದಕ್ಕಿದೆ.

ಏರ್ ಕ್ಲೀನರ್ ತೆಗೆದು, ಎಂಜಿನ್ ನಿಂತಿರುವಾಗಲೇ ಥ್ರಾಟಲ್ ಎಳೆದು ಕಾರ್ಬ್ಯುರೇಟರ್ ಒಳಗೆ ನೋಡಿ. ಎರಡು ತೂತಿನಿಂದ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಬೇಕು. ಏನೂ ಬರದಿದ್ದರೆ ಬೌಲ್ ಖಾಲಿ: ಪೆಟ್ರೋಲ್ ಆವಿಯಾಗಿದೆ, ಪಂಪ್ ಮತ್ತೆ ತುಂಬಿಸುತ್ತಿಲ್ಲ. ಅದರ ಬದಲು ಪೆಟ್ರೋಲ್ ತಾನಾಗಿ ತೊಟ್ಟಿಕ್ಕುತ್ತಾ ಘಾಟು ವಾಸನೆ ಬಂದರೆ ಬೌಲಿನಲ್ಲಿ ಕುದ್ದು ಮ್ಯಾನಿಫೋಲ್ಡಿಗೆ ಸುರಿದಿದೆ, ಎಂಜಿನ್ ಫ್ಲಡ್ ಆಗಿದೆ. ಇವೆರಡೂ ಒಂದಕ್ಕೊಂದು ತದ್ವಿರುದ್ಧ. ಫ್ಲಡ್ ಆಗಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಕ್ರ್ಯಾಂಕ್ ಮಾಡಿದರೆ ಸ್ಟಾರ್ಟ್ ಆಗುತ್ತದೆ.

ಇನ್ನೊಂದು ಸ್ಪಾರ್ಕ್. ಪ್ಲಗ್ ವೈರಿಗೆ ಸ್ಪಾರ್ಕ್ ಟೆಸ್ಟರ್ ಹಾಕಿ. ಕಿಡಿ ಇಲ್ಲದಿದ್ದರೆ ಅಥವಾ ಹಳದಿಯಾಗಿ ಬಡಕಲಾಗಿದ್ದರೆ, ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ವಿದ್ಯುತ್ ಹರಿಸಿ ತಡೆಯುವ ಸ್ವಿಚ್) ಮುಚ್ಚಿರುವಾಗ, ಕೀ ಆನ್ ಮಾಡಿ, ಕಾಯಿಲ್‌ನ ಪ್ಲಸ್ ತುದಿಯಲ್ಲಿ ವೋಲ್ಟೇಜ್ ಅಳೆದು ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು

ಪಿಚಕಾರಿ ಚೆನ್ನಾಗಿ ಬರುತ್ತಿದೆ. ಸ್ಟಾರ್ಟರ್ ವೇಗವಾಗಿಯೇ ತಿರುಗುತ್ತದೆ. ಕಿಡಿ ಬಡಕಲು. ಪಾಯಿಂಟ್ಸ್ ಮುಚ್ಚಿದಾಗ ಕಾಯಿಲ್ ಪ್ಲಸ್‌ನಲ್ಲಿ 12 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು. ಕಾಯಿಲ್ ಮುಟ್ಟಲಾಗದಷ್ಟು ಸುಡುತ್ತಿತ್ತು.

ಉತ್ತರ – ಟೆಕ್ಸಸ್‌ನಿಂದ

ಸಿಕ್ಕಿತು. ಅಲ್ಲಿ 6ರಿಂದ 8 ವೋಲ್ಟ್ ಇರಬೇಕಿತ್ತು. ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್ ಕಡೆಗೆ ಬರುವ ಗುಲಾಬಿ ಬಣ್ಣದ ವೈರ್ ಸಾಮಾನ್ಯ ವೈರ್ ಅಲ್ಲ, ಸುಮಾರು ಒಂದೂವರೆ ಓಮ್‌ನ ರೆಸಿಸ್ಟೆನ್ಸ್ ವೈರ್. ಕ್ರ್ಯಾಂಕ್ ಮಾಡುವಾಗ ಮಾತ್ರ ಫೆಂಡರ್ ಮೇಲಿನ ಸ್ಟಾರ್ಟರ್ ರಿಲೇಯ ‘ಐ’ ತುದಿಯಿಂದ ಪೂರ್ತಿ ಬ್ಯಾಟರಿ ವೋಲ್ಟೇಜ್ ಕಾಯಿಲ್‌ಗೆ ಹೋಗುತ್ತದೆ, ಕೀ ಬಿಟ್ಟ ಮೇಲೆ ಗುಲಾಬಿ ವೈರಿನ ಮೂಲಕ ಕಡಿಮೆಯಾದದ್ದು. ಹಿಂದೆ ಯಾರೋ ಈ ವೈರನ್ನು ತಪ್ಪಿಸಿ ಬೇರೆ ವೈರ್ ಎಳೆದಿದ್ದಾರೆ. ಡ್ಯಾಶ್ ಅಡಿಯಲ್ಲಿ ನೋಡಿ, ಜೋಡಿಸಿದ ಗುರುತು ಇರುತ್ತದೆ. ಪೂರ್ತಿ 12 ವೋಲ್ಟ್ ಸದಾ ಹರಿದರೆ ಕಾಯಿಲ್ ಕಾಯುತ್ತದೆ, ಪಾಯಿಂಟ್ಸ್ ಸುಟ್ಟು ಕಪ್ಪಾಗುತ್ತದೆ.

ಗುಲಾಬಿ ವೈರನ್ನು ವಾಪಸ್ ಸರ್ಕ್ಯೂಟಿಗೆ ತನ್ನಿ. ಅದು ತುಂಡಾಗಿದ್ದರೆ ಅಷ್ಟೇ ಓಮ್‌ನ ಸೆರಾಮಿಕ್ ಬ್ಯಾಲಸ್ಟ್ ರೆಸಿಸ್ಟರ್ ಹಾಕಬಹುದು, ಆದರೆ ಅದೂ ಚೆನ್ನಾಗಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮತ್ತು ಬೇರೆ ವೈರುಗಳಿಂದ ದೂರ ಲೋಹದ ಮೇಲೆ ಕೂರಿಸಿ. ಹೊಸ ಪಾಯಿಂಟ್ಸಿಗೆ ಗ್ಯಾಪ್ 0.017 ಇಂಚು, ಡ್ವೆಲ್ (ಪಾಯಿಂಟ್ಸ್ ಮುಚ್ಚಿರುವ ಕೋನ) 26ರಿಂದ 31 ಡಿಗ್ರಿ. ಕ್ಯಾಮ್ ಉಜ್ಜುವ ಫೈಬರ್ ತುಂಡಿಗೆ ಕಡ್ಡಿಯ ತುದಿಯಷ್ಟು ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಅದು ಬೇಗ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಈಗ ಬರುವ ಅಗ್ಗದ ಕಂಡೆನ್ಸರ್‌ಗಳು ಬಿಸಿಯಲ್ಲಿ ಕೈಕೊಡುವುದು ಹೆಚ್ಚು, ಹಳೆಯದು ಕೆಲಸ ಮಾಡುತ್ತಿದ್ದರೆ ಎಸೆಯಬೇಡಿ. ಪ್ಲಗ್ ಗ್ಯಾಪ್ 0.034. ಫೈರಿಂಗ್ ಆರ್ಡರ್ 1-5-4-2-6-3-7-8, ಡಿಸ್ಟ್ರಿಬ್ಯೂಟರ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಪ್ರಯಾಣಿಕರ ಬದಿಯಲ್ಲಿ ಮುಂದಿನಿಂದ 1, 2, 3, 4. ಚಾಲಕನ ಬದಿ 5ರಿಂದ 8. ಆಮೇಲೆ ಟೈಮಿಂಗ್: ವ್ಯಾಕ್ಯೂಮ್ ಹೋಸ್ ಬಿಚ್ಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) 6 ಡಿಗ್ರಿ ಮೊದಲು. ಹೊಗೆ ಶುದ್ಧಿಗಾಗಿ ಥರ್ಮಾಕ್ಟರ್ ಏರ್ ಪಂಪ್ ಇದ್ದ ಕ್ಯಾಲಿಫೋರ್ನಿಯಾ ಗಾಡಿಗಳಿಗೆ ಬೇರೆ ಅಂಕಿ, ನಿಮ್ಮದರಲ್ಲಿ ಅದು ಇದೆಯೇ ನೋಡಿಕೊಳ್ಳಿ.

ಉತ್ತರ – ಕ್ಯಾಲಿಫೋರ್ನಿಯಾದಿಂದ

ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಮಾಡಿಸಿ ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ಮಾಡಿಸಬಹುದು. ಫೋರ್ಡ್ ವಿ8ಗೆ ಪರ್ಟ್ರಾನಿಕ್ಸ್ 1281 ಮಾಡ್ಯೂಲ್ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೇ ಕೂರುತ್ತದೆ. ಆದರೆ ಅದರ ಕೆಂಪು ವೈರಿಗೆ ಪೂರ್ತಿ 12 ವೋಲ್ಟ್ ಬೇಕು. ಗುಲಾಬಿ ವೈರಿನ ಕಾಯಿಲ್ ತುದಿಗೆ ಅದನ್ನು ಜೋಡಿಸಿದರೆ ಬಿಸಿಯಾದಾಗ ಕಾರಣವಿಲ್ಲದೆ ನಿಲ್ಲುತ್ತದೆ, ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ಸುಲಭದ ದಾರಿ ನಾಲ್ಕು ಕಾಲಿನ ರಿಲೇ. ಕಾಯಿಲ್‌ಗೆ ಹೋಗುತ್ತಿದ್ದ ವೈರನ್ನು ರಿಲೇ ಎಳೆಯಲು ಕೊಡಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ 12 ವೋಲ್ಟ್ ಅನ್ನು ರಿಲೇಯ ಮೂಲಕ ಮಾಡ್ಯೂಲ್ ಮತ್ತು ಕಾಯಿಲ್‌ಗೆ ಕೊಡಿ. ಕಾಯಿಲ್ 1.5 ಓಮ್‌ಗಿಂತ ಕಡಿಮೆ ಇರಬಾರದು. ಎಂಜಿನ್ ಓಡದೆ ಕೀ ಆನ್ ಮಾಡಿ ಬಹಳ ಹೊತ್ತು ರೇಡಿಯೋ ಕೇಳಿದರೆ ಮಾಡ್ಯೂಲ್ ಸುಡುತ್ತದೆ, ಅದಕ್ಕೆ ‘ಆಕ್ಸೆಸರಿ’ ಸ್ಥಾನ ಇದೆ.

ಟೈಮಿಂಗ್ ಬಗ್ಗೆ ಒಂದು ಎಚ್ಚರಿಕೆ. ಕ್ರ್ಯಾಂಕಿನ ತುದಿಯ ಬ್ಯಾಲೆನ್ಸರ್‌ನಲ್ಲಿ ಹೊರ ಉಂಗುರವನ್ನು ಹಿಡಿದಿರುವುದು ರಬ್ಬರ್. ಇಷ್ಟು ವಯಸ್ಸಿಗೆ ರಬ್ಬರ್ ಸಡಿಲಾಗಿ ಉಂಗುರ ಜಾರಿದರೆ ಟೈಮಿಂಗ್ ಲೈಟ್ ತೋರಿಸುವ ಗುರುತೇ ಸುಳ್ಳು. ಒಂದನೇ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ, ಕೈಯಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ, ನಿಂತ ಎರಡು ಜಾಗಗಳ ಮಧ್ಯಬಿಂದು ಗುರುತು ಮಾಡಿ. ಅದು ಸೊನ್ನೆಗೆ ಹೊಂದಬೇಕು. ಹೊಂದದಿದ್ದರೆ ಬೇರೆ ಬ್ಯಾಲೆನ್ಸರ್ ಹಾಕಿ, ಪುಲ್ಲಿಗೆ ಮೂರು ಬೋಲ್ಟ್ ಇರುವ, 28 ಔನ್ಸಿನ ಸಮತೋಲನ ತೂಕದ್ದು. 80ರ ದಶಕದ 302 ಎಂಜಿನ್‌ನ 50 ಔನ್ಸಿನದನ್ನು ಹಾಕಿದರೆ ಇಡೀ ಎಂಜಿನ್ ನಡುಗುತ್ತದೆ.

ಉತ್ತರ – ಜಾರ್ಜಿಯಾದಿಂದ

ಕಾರ್ಪೆಟ್ ವಿಷಯ ಯಾರೂ ಮುಟ್ಟಿಲ್ಲ. ಒದ್ದೆಯನ್ನು ಬೆರಳಿಗೆ ಹಚ್ಚಿ ನೋಡಿ. ಜಿಡ್ಡಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್. ಮಳೆಯಲ್ಲಿ ಮಾತ್ರ, ಬರೀ ನೀರಾದರೆ ಬಹುಪಾಲು ಕೌಲ್, ಅಂದರೆ ವಿಂಡ್‌ಶೀಲ್ಡ್ ಮುಂದಿನ ಜಾಲರಿಯ ಕೆಳಗಿನ ಡಬ್ಬಿ. ಅದರ ಒಳಗೆ ಎರಡೂ ಬದಿಯಲ್ಲಿ ಮೇಲೆದ್ದು ನಿಂತ ಟೋಪಿಯಂಥ ಗಾಳಿಕೊಳವೆಗಳಿವೆ. ಎಲೆ ಕಸ ಸೇರಿ ಕೊಳೆತು ಆ ಟೋಪಿಯ ಬುಡ ತುಕ್ಕು ಹಿಡಿಯುತ್ತದೆ. ಮಸ್ಟ್ಯಾಂಗ್ ಕೊಳ್ಳುವವರು ಮೊದಲು ನೋಡಬೇಕಾದ ಜಾಗ ಅದು.

ಒಬ್ಬರು ಒಳಗೆ ಡ್ಯಾಶ್ ಅಡಿ ಟಾರ್ಚ್ ಹಿಡಿದು ಮಲಗಲಿ. ಇನ್ನೊಬ್ಬರು ಒತ್ತಡವಿಲ್ಲದೆ ಸಣ್ಣಗೆ ನೀರು ಬಿಡಲಿ, ಬಲ ಜಾಲರಿಗೆ ಐದು ನಿಮಿಷ, ಎಡಕ್ಕೆ ಐದು ನಿಮಿಷ, ಗಾಜಿನ ರಬ್ಬರಿಗೆ ಕೊನೆಯಲ್ಲಿ. ಎಲ್ಲ ಕಡೆ ಒಟ್ಟಿಗೆ ಸುರಿದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಮುಂದಿನ ಫೆಂಡರ್ ಹಿಂಭಾಗದಿಂದ ನೀರು ಎರಡೂ ಕಡೆ ಹೊರಗೆ ಬೀಳುತ್ತಿದೆಯೇ ಎಂದೂ ನೋಡಿ. ಬೀಳದಿದ್ದರೆ ಕಸ ಕಟ್ಟಿದೆ, ಮೊದಲು ವ್ಯಾಕ್ಯೂಮ್ ಹಿಡಿದು ತೆಗೆಯಿರಿ.

ತುಕ್ಕು ಟೋಪಿಯ ಸುತ್ತ ಮಾತ್ರ ಇದ್ದರೆ ಒಳಗಿನಿಂದ ಕೂರಿಸುವ ಪ್ಲಾಸ್ಟಿಕ್ ಕಟ್ಟೆ ಸಿಗುತ್ತದೆ, ಕೆಲವು ವರ್ಷ ನಡೆಯುತ್ತದೆ. ತಳವೇ ಜರಡಿಯಾಗಿದ್ದರೆ ದಾರಿ ಒಂದೇ: ಬಾನೆಟ್, ಫೆಂಡರ್, ವಿಂಡ್‌ಶೀಲ್ಡ್ ತೆಗೆದು, ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ಮೇಲಿನ ತಗಡು ಎತ್ತಿ, ಹೊಸ ತಳ ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್ ಆದ ಮೇಲೆ ಸೀಮ್ ಸೀಲರ್. ದೊಡ್ಡ ಕೆಲಸ. ತುಕ್ಕಿನ ಮೇಲೆ ಸಿಲಿಕೋನ್ ಬಳಿಯುವುದು ಮಾತ್ರ ಬೇಡ. ನೀರು ಅದರ ಹಿಂದೆ ಸೇರಿ ಇನ್ನೂ ಬೇಗ ತಿನ್ನುತ್ತದೆ.

ಉತ್ತರ – ಮಿಶಿಗನ್‌ನಿಂದ

ಡಿಕ್ಕಿಯನ್ನೂ ನೋಡಿ. ಈ ಗಾಡಿಯಲ್ಲಿ 16 ಗ್ಯಾಲನ್ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಫಿಲ್ಲರ್ ಪೈಪಿನ ರಬ್ಬರ್ ಬಿರಿದರೆ ಆವಿ ನೇರ ಒಳಗೆ ಬರುತ್ತದೆ. ಆ ರಬ್ಬರನ್ನು ಬದಲಿಸಿ, ಹಳೆಯ ಪೆಟ್ರೋಲನ್ನು ತಳದ ಪ್ಲಗ್ ಬಿಚ್ಚಿ ಇಳಿಸಿ. ಗೇಜ್ ತಪ್ಪು ತೋರಿಸಿದರೆ ಸೆಂಡರ್ ಅಳೆಯಿರಿ: ಖಾಲಿಗೆ ಸುಮಾರು 73 ಓಮ್, ತುಂಬಿದಾಗ 10. ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಮುಳ್ಳು ಒಟ್ಟಿಗೆ ತಪ್ಪಾದರೆ ಸೆಂಡರ್ ಅಲ್ಲ, ಮೀಟರಿನ ಹಿಂದಿನ ಚಿಕ್ಕ ವೋಲ್ಟೇಜ್ ರೆಗ್ಯುಲೇಟರ್.

ಎಂಜಿನ್ ಆಯಿಲ್ ಫಿಲ್ಟರ್ ಸೇರಿ 5 ಕ್ವಾರ್ಟ್. ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದೆ ನೇರ ಉಜ್ಜುವ ಬಗೆ) ಇರುವುದರಿಂದ ಜಿಂಕ್ 1000 ಪಿಪಿಎಂಗಿಂತ ಮೇಲಿರುವ ಎಣ್ಣೆ ಆರಿಸಿ. ಸಿ4 ಗೇರ್‌ಬಾಕ್ಸಿಗೆ ಟೈಪ್ ಎಫ್ ಎಣ್ಣೆ.

ಉತ್ತರ – ಪೆನ್ಸಿಲ್ವೇನಿಯಾದಿಂದ

ಪಾರ್ಟ್ಸ್ ವಿಷಯದಲ್ಲಿ ಮಸ್ಟ್ಯಾಂಗ್ ಮಾಲೀಕರಷ್ಟು ಅನುಕೂಲ ಬೇರೆಯವರಿಗಿಲ್ಲ. ನ್ಯಾಷನಲ್ ಪಾರ್ಟ್ಸ್ ಡಿಪೋ, ಸಿಜೆ ಪೋನಿ ಪಾರ್ಟ್ಸ್ ಎರಡರಲ್ಲೂ ಬಹುತೇಕ ಎಲ್ಲ ಸಿಗುತ್ತದೆ. ಬ್ರೇಕ್ ಸಾಮಾನಿಗೆ ರಾಕ್ಆಟೋ ಬೆಲೆಯನ್ನೂ ಹೋಲಿಸಿ. ನೀವಿರುವ ಕಡೆಯಿಂದ ಕಾರ್ಲೈಲ್ ಮತ್ತು ಅಕ್ಟೋಬರಿನ ಹರ್ಷಿ ಸ್ವಾಪ್ ಮೀಟ್ (ಹಳೆಯ ಭಾಗಗಳ ಸಂತೆ) ದೂರವಲ್ಲ. ಹಳೆಯ ಅಸಲಿ ಫೋರ್ಡ್ ಭಾಗಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು.

ಭಾಗಗಳ ಮೇಲಿನ ನಂಬರ್ ಓದಲು ಕಲಿಯಿರಿ. ಸಿ5ಝಡ್‌ಝಡ್ ಎಂದರೆ ಸಿ 1960ರ ದಶಕ, 5 ಆ ದಶಕದ ಐದನೇ ವರ್ಷ (1965), ಮೊದಲ ಝಡ್ ಮಸ್ಟ್ಯಾಂಗ್. ಮಧ್ಯದ ಅಂಕಿ ಭಾಗವನ್ನು ಹೇಳುತ್ತದೆ: 9510 ಕಾರ್ಬ್ಯುರೇಟರ್, 12127 ಡಿಸ್ಟ್ರಿಬ್ಯೂಟರ್, 2140 ಮಾಸ್ಟರ್ ಸಿಲಿಂಡರ್, 8501 ವಾಟರ್ ಪಂಪ್. ನಿಮ್ಮ ಅಸಲಿ ಕಾರ್ಬ್ಯುರೇಟರನ್ನು ಕೊಟ್ಟು ರೀಬಿಲ್ಟ್ ಆದದ್ದನ್ನು ಬದಲಿಗೆ ತರಬೇಡಿ, ನಾಲ್ಕು ಕಾರ್ಬ್ಯುರೇಟರಿನ ಭಾಗ ಸೇರಿಸಿದ್ದು ಬರುತ್ತದೆ. ಕಿಟ್ ತರಿಸಿ ನಿಮ್ಮದನ್ನೇ ರಿಪೇರಿ ಮಾಡಿ.

289ಕ್ಕೂ 302ಕ್ಕೂ ಎಲ್ಲ ಹೊಂದುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. 1970ರಿಂದ ಈಚೆಗಿನ ವಾಟರ್ ಪಂಪಿನಲ್ಲಿ ಕೆಳ ಹೋಸ್ ಚಾಲಕನ ಬದಿಗಿದೆ, ನಿಮ್ಮ ರೇಡಿಯೇಟರಿಗೆ ಅದು ಪ್ರಯಾಣಿಕರ ಬದಿಗಿರಬೇಕು. 1964ರ ಆಗಸ್ಟ್‌ಗೆ ಮುಂಚಿನ ಬ್ಲಾಕಿಗೆ ಬೆಲ್‌ಹೌಸಿಂಗ್ (ಎಂಜಿನ್‌ಗೆ ಗೇರ್‌ಬಾಕ್ಸ್ ಜೋಡಿಸುವ ಕವಚ) ಐದು ಬೋಲ್ಟಿನದು, ನಿಮ್ಮದಕ್ಕೆ ಆರು. ರಾಕರ್ (ಎಂಜಿನ್‌ನ ಪುಶ್‌ರಾಡ್ ಎತ್ತಿದಾಗ ವಾಲ್ವ್ ಒತ್ತುವ ತೋಳು) ಕೊಳ್ಳುವ ಮೊದಲು ವಾಲ್ವ್ ಕವರ್ ತೆಗೆದು ಪುಶ್‌ರಾಡ್ ತೂತು ನೋಡಿ. ಉದ್ದನೆಯ ಸೀಳಿನಂತಿದ್ದರೆ ಹೆಡ್ ತಾನೇ ಪುಶ್‌ರಾಡನ್ನು ಹಿಡಿದಿಡುತ್ತದೆ, ಸಾಮಾನ್ಯ ರಾಕರ್ ಸಾಕು. 1966ರ ಮಧ್ಯದಿಂದ ತೂತು ದುಂಡಗಾಗಿ, ವಾಲ್ವ್ ತುದಿಯನ್ನು ತನ್ನ ಅಂಚುಗಳಿಂದ ಹಿಡಿಯುವ ರೈಲ್ ರಾಕರ್ ಬಂತು. ದುಂಡು ತೂತಿನ ಹೆಡ್ಡಿಗೆ ಸಾಮಾನ್ಯ ರಾಕರ್ ಹಾಕಿದರೆ ಅದು ವಾಲ್ವ್ ತುದಿಯಿಂದ ಪಕ್ಕಕ್ಕೆ ಜಾರುತ್ತದೆ. ನಿಮ್ಮ ಗಾಡಿ ಯಾವ ತಿಂಗಳಲ್ಲಿ ತಯಾರಾಯಿತು ಎಂಬುದು ಚಾಲಕನ ಬಾಗಿಲಿನ ಪ್ಲೇಟಿನಲ್ಲಿದೆ. ಆದರೆ ಹೆಡ್ ನಡುವೆ ಬದಲಾಗಿರಬಹುದು, ಆದ್ದರಿಂದ ಕವರ್ ತೆಗೆದೇ ನೋಡಿ.