ಪದಚರ್ಚೆ: ಕಮೋಡು ‘ಕಟ್ಟಿಕೊಂಡಿದೆ’, ‘ಹೋಗ್ತಿಲ್ಲ’, ‘ಉಕ್ತಿದೆ’ – ಮೂರೂ ಒಂದೇನಾ?

ಪ್ರಶ್ನೆ

ಗೆಳೆಯರೇ,

ಮನೆಯ ಕಮೋಡು ಪದೇ ಪದೇ ಕಟ್ಟಿಕೊಂಡರೆ ಏನು ಮಾಡಬೇಕು ಎಂಬುದಕ್ಕೆ ಎರಡು ಪುಟದ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಪ್ಲಂಬರ್‌ಗಳು ‘ಚೋಕಪ್’, ‘ಬ್ಲಾಕ್’, ‘ಜಾಮ್’ ಅನ್ನುತ್ತಾರೆ. ಮನೆಯವರು ‘ಕಟ್ಟಿಕೊಂಡಿದೆ’, ‘ಹೋಗ್ತಿಲ್ಲ’, ‘ಉಕ್ತಿದೆ’ ಅನ್ನುತ್ತಾರೆ. ಎಲ್ಲಕ್ಕೂ ‘ತಡೆ’ ಎಂದು ಒಂದೇ ಪದ ಹಾಕಿದರೆ ಸಾಕೇ? ಕಮೋಡಿನ ಬಾಗಿದ ಕೊಳವೆಯಾದ ‘ಟ್ರ್ಯಾಪ್’ಗೆ ಕರಡಿನಲ್ಲಿ ‘ಬೋನು’ ಎಂದಿದೆ, ಇಲಿ ಹಿಡಿಯುವ ಕೈಪಿಡಿಯಂತೆ ಓದಿಸಿಕೊಳ್ಳುತ್ತದೆ. ಕಟ್ಟಿದ್ದನ್ನು ಬಿಡಿಸುವ ಪ್ಲಂಜರ್, ಪೈಪಿನ ಸ್ಲೋಪ್, ಚರಂಡಿ ಪೈಪಿಗೆ ಗಾಳಿ ಬಿಡುವ ವೆಂಟ್ ಪೈಪ್ – ಇವಕ್ಕೂ ಮಾತು ಬೇಕು. ಹೊಸದಾಗಿ ಟಂಕಿಸಿದ್ದು ಬೇಡ, ಕೆಲಸದವರ ಬಾಯಲ್ಲಿ ಇರುವುದು ಬೇಕು.

ಉತ್ತರ 1

‘ತಡೆ’ ಸಾಲದು. ಆ ಮೂರು ಕ್ರಿಯಾಪದಗಳು ಮೂರು ಬೇರೆ ಬೇರೆ ದೋಷಗಳನ್ನು ಹೇಳುತ್ತಿವೆ. ಕೈಪಿಡಿಯನ್ನು ಅವುಗಳ ಮೇಲೆಯೇ ಕಟ್ಟಿ.

ಮೂಗು ಕಟ್ಟುತ್ತದೆ, ಕಿವಿ ಕಟ್ಟುತ್ತದೆ, ಗಂಟಲು ಕಟ್ಟುತ್ತದೆ. ದಾರಿ ಇದ್ದೂ ಮುಚ್ಚಿಕೊಂಡಾಗ ಕನ್ನಡ ಬಳಸುವ ಪದ ಇದು. ಕಮೋಡು ‘ಕಟ್ಟಿಕೊಂಡಿದೆ’ ಅಂದರೆ ಫ್ಲಶ್ ಮಾಡಿದಾಗ ನೀರು ಅಂಚಿನವರೆಗೆ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ ಅಥವಾ ಅಲ್ಲೇ ನಿಲ್ಲುತ್ತದೆ. ಮನೆಯ ಬೇರೆ ಕಡೆ ನೀರು ಸಲೀಸಾಗಿ ಹೋಗುತ್ತಿದ್ದರೆ ಅಡ್ಡಿ ಇರುವುದು ಹೆಚ್ಚಾಗಿ ಟ್ರ್ಯಾಪಿನಲ್ಲೇ.

‘ಹೋಗ್ತಿಲ್ಲ’ ಬೇರೆ. ಇಲ್ಲಿ ನೀರು ಏರುವುದೇ ಇಲ್ಲ. ಸುತ್ತು ಹಾಕಿ ಇಳಿಯುತ್ತದೆ, ಮಲ ಮಾತ್ರ ಉಳಿಯುತ್ತದೆ. ಪರೀಕ್ಷೆ ಸುಲಭ: 6–8 ಲೀಟರ್ ನೀರನ್ನು ಬಕೆಟ್‌ನಿಂದ ಒಂದೇ ಸಲಕ್ಕೆ ರಭಸವಾಗಿ ಸುರಿಯಿರಿ. ಅದಕ್ಕೆ ಎಲ್ಲ ಹೋದರೆ ಪೈಪು ಚೆನ್ನಾಗಿದೆ, ತಪ್ಪು ಫ್ಲಶ್ ಟ್ಯಾಂಕಿನದು. ಟ್ಯಾಂಕಿನೊಳಗಿನ ಓವರ್‌ಫ್ಲೋ ಪೈಪಿನ ಬಾಯಿಗಿಂತ ನೀರು ಸುಮಾರು ಒಂದು ಇಂಚು ಕೆಳಗಿರಬೇಕು. ನೀರು ಅದಕ್ಕಿಂತಲೂ ಕೆಳಗಿದ್ದರೆ ಫ್ಲೋಟನ್ನು (ನೀರಿನ ಮೇಲೆ ತೇಲುವ ಬುರುಡೆಯನ್ನು) ಎತ್ತರಿಸಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇನ್ನೊಂದು ಕಾರಣವೂ ಉಂಟು: ಕಮೋಡಿನ ಅಂಚಿನಡಿಯ ತೂತುಗಳಲ್ಲಿ ಉಪ್ಪು ಕಟ್ಟಿ ನೀರಿನ ಹೊಡೆತವೇ ಸಾಯುತ್ತದೆ. ಇಲ್ಲೂ ‘ಕಟ್ಟು’ ಬಂತು ನೋಡಿ, ಆದರೆ ಕಟ್ಟಿರುವುದು ನೀರು ಬರುವ ದಾರಿ, ಹೋಗುವ ದಾರಿಯಲ್ಲ. ಕನ್ನಡಿ ಹಿಡಿದು ನೋಡಿ ತಂತಿಯಿಂದ ಒಂದೊಂದೇ ತೂತು ಬಿಡಿಸಬೇಕು.

‘ಉಕ್ತಿದೆ’ ಅಂದರೆ ಮನೆಯೊಳಗೆ ಏನೂ ಮಾಡಿ ಫಲವಿಲ್ಲ. ಕಮೋಡಿಗೆ ನೀರು ಬಿಟ್ಟರೆ ಬಚ್ಚಲಿನ ಜಾಲರಿಯಲ್ಲಿ ನೀರು ಮೇಲೆ ಬರುತ್ತಿದ್ದರೆ, ಅಡ್ಡಿ ಎರಡೂ ಪೈಪು ಕೂಡುವ ಜಾಗದಿಂದ ಆಚೆಗಿದೆ. ಹೊರಗಿನ ಛೇಂಬರಿನ (ಪೈಪುಗಳು ಬಂದು ಸೇರುವ ತೊಟ್ಟಿಯ) ಮುಚ್ಚಳ ತೆಗೆಯಿರಿ. ತುಂಬಿದ್ದರೆ ಅಡ್ಡಿ ಛೇಂಬರಿನಿಂದ ರಸ್ತೆಯ ಕಡೆಗೆ, ಖಾಲಿಯಿದ್ದರೆ ಛೇಂಬರಿನಿಂದ ಮನೆಯ ಕಡೆಗೆ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ ಟ್ಯಾಂಕು ತುಂಬಿದೆಯೇ, ಒಳಬಾಯಿಯಲ್ಲಿ ಕೆನೆಗಟ್ಟಿದೆಯೇ ಎಂದು ಮೊದಲು ನೋಡಬೇಕು.

ಈಗ ‘ಟ್ರ್ಯಾಪ್’. ‘ಬೋನು’ ಖಂಡಿತ ಬೇಡ. ಅದು ಹಿಡಿದಿಡುವುದು ಕಸವನ್ನಲ್ಲ, ನೀರನ್ನು. ಬಾಗಿದ ಕೊಳವೆಯಲ್ಲಿ ಕನಿಷ್ಠ 50 ಮಿ.ಮೀ. ನೀರು ಯಾವಾಗಲೂ ನಿಂತಿರುತ್ತದೆ, ಚರಂಡಿಯ ವಾಸನೆ ಮತ್ತು ಜಿರಳೆ ಮನೆಯೊಳಗೆ ಬರದಂತೆ ತಡೆಯುತ್ತದೆ. ಕೈಪಿಡಿಯಲ್ಲಿ ‘ಟ್ರ್ಯಾಪ್’ ಎಂದೇ ಬರೆದು, ಮೊದಲ ಸಲ ‘ನೀರು ನಿಲ್ಲುವ ಬಾಗು’ ಎಂದು ವಿವರಿಸಿದರೆ ಸಾಕು. ಅಂಗಡಿಯಲ್ಲಿ ಪಿ ಟ್ರ್ಯಾಪ್, ಎಸ್ ಟ್ರ್ಯಾಪ್ ಎಂದೇ ಕೇಳಬೇಕು: ಹೊರಗೋಡೆಯ ಕಡೆಗೆ ಹೋಗುವುದು ಪಿ, ನೇರ ನೆಲಕ್ಕೆ ಇಳಿಯುವುದು ಎಸ್.

ಪ್ಲಂಜರನ್ನು ಜನ ಕರೆಯುವುದು ‘ರಬ್ಬರ್ ಪಂಪು’ ಎಂದು. ಆ ಹೆಸರೇ ಒಳ್ಳೆಯದು, ಏಕೆಂದರೆ ಒತ್ತುವುದಷ್ಟೇ ಅಲ್ಲ, ಎಳೆಯುವುದೂ ಅದರ ಕೆಲಸ ಎಂದು ಹೇಳುತ್ತದೆ. ಸಿಂಕಿನ ಚಪ್ಪಟೆ ಬಟ್ಟಲು ಕಮೋಡಿಗೆ ಕೂರುವುದಿಲ್ಲ, ಕೆಳಗೆ ರಬ್ಬರಿನ ಮೂತಿ ಚಾಚಿರುವಂಥದ್ದು ಬೇಕು. ಬಟ್ಟಲು ಮುಳುಗುವಷ್ಟು ನೀರಿರಲಿ. ಮೊದಲ ಒತ್ತು ನಿಧಾನ, ಒಳಗಿನ ಗಾಳಿ ಹೋಗಲಿ; ಇಲ್ಲದಿದ್ದರೆ ಮುಖಕ್ಕೇ ಹಾರುತ್ತದೆ. ಆಮೇಲೆ ಅಂಚು ಎತ್ತದೆ 15–20 ಸಲ ಒತ್ತಿ ಎಳೆಯಿರಿ. ಬಿಗಿಯಾಗಿ ಸಿಕ್ಕಿಕೊಂಡದ್ದು ಎಷ್ಟೋ ಸಲ ಸಡಿಲವಾಗುವುದು ಎಳೆತಕ್ಕೆ.

ಕೈಪಿಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪದ ನಿಮ್ಮ ‘ಪದೇ ಪದೇ’. ಪಂಪು ಹೊಡೆದಾಗ ಬಿಟ್ಟುಕೊಂಡು, ವಾರದೊಳಗೆ ಮತ್ತೆ ಕಟ್ಟಿದರೆ ಹೆಚ್ಚಾಗಿ ಟ್ರ್ಯಾಪಿನಲ್ಲಿ ಗಟ್ಟಿ ವಸ್ತುವೊಂದು ಅಡ್ಡ ನಿಂತಿರುತ್ತದೆ: ಹಲ್ಲುಜ್ಜುವ ಬ್ರಷ್, ಬಾಟಲಿ ಮುಚ್ಚಳ, ಮನೆ ಕಟ್ಟುವಾಗ ಬಿದ್ದ ಗಾರೆ ಉಂಡೆ. ನೀರು ಅದರ ಪಕ್ಕದಿಂದ ಹೋಗುತ್ತದೆ, ಕಾಗದ ಬಟ್ಟೆ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಸ್ಪ್ರಿಂಗ್ ತಂತಿಯನ್ನು ತಿರುಗಿಸುತ್ತಾ ಬಿಟ್ಟು ಕೊಕ್ಕೆಗೆ ಸಿಕ್ಕಿಸಿ ಎಳೆಯಬೇಕು, ಮುಂದಕ್ಕೆ ನೂಕಬಾರದು. ಬರದಿದ್ದರೆ ಬುಡದ ಸ್ಕ್ರೂ ಬಿಚ್ಚಿ, ಬಿಳಿ ಸಿಮೆಂಟ್ ಕೆರೆದು ಕಮೋಡನ್ನೇ ಎತ್ತಬೇಕು. ಪಿಂಗಾಣಿ ಪೈಪಿಗೆ ಕೂಡುವ ಜಾಗದಲ್ಲಿ ಗಾರೆ ಒಳಗೆ ಉಕ್ಕಿ ಗಟ್ಟಿಯಾಗಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುವುದು.

‘ಸ್ಲೋಪ್’ಗೆ ಹಳೆ ಮೈಸೂರಿನ ಗಾರೆಯವರ ‘ವಾಟ’ ಇದೆಯಲ್ಲ, ಅದನ್ನು ಬಿಟ್ಟು ‘ಇಳಿಜಾರು’ ಯಾಕೆ? ‘ವಾಟ ಸಾಲದು’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. 4 ಇಂಚಿನ ಪೈಪಿಗೆ 40ಕ್ಕೆ 1, ಅಂದರೆ 10 ಅಡಿಗೆ 3 ಇಂಚು ವಾಟ.

ಉತ್ತರ 2

ಸರ್, ‘ವಾಟ’ಕ್ಕೆ ನನ್ನದೂ ಮತ. ಆದರೆ ಕೈಪಿಡಿ ಧಾರವಾಡ, ಬೆಳಗಾವಿ ಕಡೆಗೂ ಹೋಗುವುದಾದರೆ ‘ಇಳಿಜಾರು’ ಎಂದೂ ಒಮ್ಮೆ ಸೇರಿಸಿ. ನಮ್ಮ ಕಡೆ ಕಕ್ಕಸಿಗೆ ಸಂಡಾಸ, ಚರಂಡಿಗೆ ಗಟಾರ ಅನ್ನುತ್ತಾರೆ. ಹಾಗೆಯೇ ಬಚ್ಚಲಿನ ನೆಲದ ಟ್ರ್ಯಾಪನ್ನು ಕಮೋಡಿನದರ ಜೊತೆ ಬೆರೆಸಬೇಡಿ. ಅದಕ್ಕೆ ಅಂಗಡಿಯಲ್ಲಿ ‘ನಹಾನಿ ಟ್ರ್ಯಾಪ್’ ಅನ್ನುತ್ತಾರೆ. ಮರಾಠಿಯಲ್ಲಿ ‘ನ್ಹಾಣಿ’ ಅಂದರೆ ಸ್ನಾನದ ಮನೆ. ಅಂದರೆ ಅರ್ಧ ಮರಾಠಿ, ಅರ್ಧ ಇಂಗ್ಲಿಷ್. ಎಂಜಿನಿಯರ್‌ಗಳ ಪಟ್ಟಿಯಲ್ಲೂ ಹಾಗೇ ಬರೆಯುತ್ತಾರೆ. ಅದು ಕಟ್ಟುವುದು ಕೂದಲು ಮತ್ತು ಸೋಪಿನಿಂದ. ಒಳಗಿನ ಬಟ್ಟಲು ಕೈಯಲ್ಲೇ ಎತ್ತಿ ತೊಳೆದರೆ ಆಯಿತು.

ಛೇಂಬರಿನಿಂದ ಛೇಂಬರಿಗೆ ಬಿಡಿಸಲು ಬಿಡುವ ಬಿದಿರ ಸೀಳಿಗೆ ‘ದಬ್ಬೆ’ ಎಂಬ ಪದವಿದೆ, ‘ರಾಡ್’ ಬೇಡ. ಇನ್ನು ರಸ್ತೆಯ ‘ಆಳುಗುಂಡಿ’. ಮ್ಯಾನ್‌ಹೋಲ್‌ನ ಪದಶಃ ಅನುವಾದ ಅದು, ‘ಆಳವಾದ ಗುಂಡಿ’ ಎಂದು ತಿಳಿಯುವವರೇ ಹೆಚ್ಚು. ಆಳು ಇಳಿಯುವ ಗುಂಡಿ ಎಂದು ಹೆಸರಿದ್ದರೂ ಆಳನ್ನು ಇಳಿಸಬಾರದು: ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿಂದ ಮುಂದಿನ ಕೆಲಸ ನೀರನ್ನು ರಭಸದಿಂದ ಹೊಡೆಯುವ ಜೆಟ್ಟಿಂಗ್, ಹೀರಿ ತೆಗೆಯುವ ಸಕ್ಕಿಂಗ್ ಯಂತ್ರದ್ದು. ಈ ಸಾಲು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಇರಲಿ.

ಉತ್ತರ 3

ವೆಂಟ್ ಪೈಪ್ ಉಳಿದುಹೋಯಿತು. ಕೆಲಸದವರು ‘ಏರ್ ಪೈಪ್’ ಅನ್ನುತ್ತಾರೆ, ‘ಗಾಳಿ ಪೈಪು’ ಎಂದರೂ ತಿಳಿಯುತ್ತದೆ. ಇದರ ದೋಷಕ್ಕೂ ಕನ್ನಡದಲ್ಲಿ ಒಂದು ಪದ ಸಿದ್ಧವಾಗಿದೆ: ‘ಗುಳುಗುಳು’. ಮಹಡಿಯಲ್ಲಿ ಫ್ಲಶ್ ಮಾಡಿದಾಗ ಕೆಳಗಿನ ಕಮೋಡು ಗುಳುಗುಳು ಅಂದರೆ, ಪೈಪಿಗೆ ಮೇಲಿಂದ ಗಾಳಿ ಸಿಗದೆ ಟ್ರ್ಯಾಪಿನ ನೀರನ್ನು ಎಳೆದುಕೊಳ್ಳುತ್ತಿದೆ. ತಾರಸಿಯ ಮೇಲಿನ ತುದಿಯಲ್ಲಿ ಎಲೆ ಅಥವಾ ಗೂಡು ಇದೆಯೇ ನೋಡಿ.

‘ಆಸಿಡ್ ಹಾಕಿ’ ಎಂದು ಮಾತ್ರ ಬರೆಯಬೇಡಿ. ಆಡುಮಾತಿನಲ್ಲಿ ಟಾಯ್ಲೆಟ್ ತೊಳೆಯುವ ದ್ರವವೆಲ್ಲವೂ ‘ಆಸಿಡ್’. ಆಸಿಡ್ ಉಪ್ಪುಗಟ್ಟಿದ್ದನ್ನು ಕರಗಿಸುತ್ತದೆ, ಕಾಸ್ಟಿಕ್ ಸೋಡಾ ಜಿಡ್ಡನ್ನು; ಬಟ್ಟೆ, ಪ್ಯಾಡು, ಪ್ಲಾಸ್ಟಿಕ್ ಎರಡಕ್ಕೂ ಜಗ್ಗುವುದಿಲ್ಲ. ಒಂದರ ಮೇಲೊಂದು ಸುರಿದರೆ ಕುದಿದು ಚಿಮ್ಮುತ್ತದೆ. ಆಸಿಡ್‌ಗೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಯಾವ ದ್ರವ ಎಂದು ಹೆಸರು ಹಿಡಿದೇ ಬರೆಯಿರಿ. ಅದನ್ನು ಸುರಿದ ಮೇಲೆ ರಬ್ಬರ್ ಪಂಪು ಹೊಡೆಯಬಾರದು ಎಂದೂ ಸೇರಿಸಿ.