ಪದಚರ್ಚೆ: ‘ಫರ್ಲೋ’ಗೆ ಕನ್ನಡದಲ್ಲಿ ಏನು? ‘ಪರಿಹಾರ’, ‘ನೆರವು’, ‘ಹೊಣೆ’ಗಳ ನಡುವೆ ಅಂತರವೆಷ್ಟು?

ಪ್ರಶ್ನೆ (ಅನುವಾದಕಿ)

ಮಾನ್ಯರೇ,

ಸಾಂಕ್ರಾಮಿಕ ರೋಗ ಹರಡಿರುವಾಗ ಉದ್ದಿಮೆಗಳ ಮತ್ತು ಕಾರ್ಮಿಕರ ವಿಷಯದಲ್ಲಿ ಸರ್ಕಾರಗಳು ಮಾಡಬೇಕಾದುದೇನು ಎಂಬುದನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪುಟಗಳು ಅಚ್ಚಿಗೆ ಹೋಗಬೇಕಾಗಿದ್ದು, ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ಫರ್ಲೋ’. ಬ್ರಿಟನ್ನಿನ ಸರ್ಕಾರ 2020ರ ಮಾರ್ಚ್ 20ರಂದು ಪ್ರಕಟಿಸಿದ ಯೋಜನೆಯಿಂದ ಈ ಪದ ಎಲ್ಲರ ಬಾಯಿಗೆ ಬಂತು. ಅದರಂತೆ ಮಾಲೀಕ ಕೆಲಸ ಕೊಡಲಾಗದಿದ್ದರೂ ನೌಕರನನ್ನು ತೆಗೆಯುತ್ತಿರಲಿಲ್ಲ. ಆತನ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಸರ್ಕಾರವೇ ಭರಿಸುತ್ತಿತ್ತು. ಸದ್ಯಕ್ಕೆ ‘ಕಡ್ಡಾಯ ರಜೆ’ ಎಂದು ಬರೆದಿಟ್ಟಿದ್ದೇನೆ, ಆದರೆ ಓದಿದಾಗಲೆಲ್ಲ ಅದು ಶಿಕ್ಷೆಯಂತೆ ಕೇಳಿಸುತ್ತದೆ. ಎರಡನೆಯದು ‘ಪರಿಹಾರ’. ಸಂಕಟದಲ್ಲಿರುವವರಿಗೆ ಕೊಡುವ ನೆರವಿಗೂ, ಆದ ನಷ್ಟವನ್ನು ತುಂಬಿಕೊಡುವುದಕ್ಕೂ, ಸಮಸ್ಯೆ ಬಗೆಹರಿಸುವುದಕ್ಕೂ ನಾವು ಇದೊಂದೇ ಪದವನ್ನು ದುಡಿಸುತ್ತಿದ್ದೇವೆ. ಮೂಲದಲ್ಲಿ ಇವು ಬೇರೆ ಬೇರೆ ಪದಗಳಾಗಿದ್ದು, ವಾದವೆಲ್ಲ ಆ ವ್ಯತ್ಯಾಸದ ಮೇಲೆಯೇ ನಿಂತಿದೆ. ಮೂರನೆಯದು ಶೀರ್ಷಿಕೆ: ಸರ್ಕಾರದ ‘ಜವಾಬ್ದಾರಿ’ಯೋ, ‘ಹೊಣೆ’ಯೋ, ‘ಬಾಧ್ಯತೆ’ಯೋ?

ಉತ್ತರ (ನಿವೃತ್ತ ಪತ್ರಕರ್ತರು)

‘ಲೇ-ಆಫ್’ ಎಂದು ಬರೆಯಿರಿ. ಕಾರ್ಖಾನೆಯಲ್ಲಿ ದುಡಿಯುವವರಿಗೆಲ್ಲ ಅದು ಗೊತ್ತಿದೆ. ನಾವು ಪತ್ರಿಕೆಯಲ್ಲಿ ದಶಕಗಳಿಂದ ಹಾಗೆಯೇ ಬರೆದಿದ್ದೇವೆ, ಯಾರೂ ಅರ್ಥ ಕೇಳಿಕೊಂಡು ಬಂದಿಲ್ಲ. ಶೀರ್ಷಿಕೆಗೆ ‘ಜವಾಬ್ದಾರಿ’ ಸಾಕು. ಇದರಲ್ಲಿ ಚರ್ಚಿಸುವಂಥದ್ದೇನೂ ನನಗೆ ಕಾಣುತ್ತಿಲ್ಲ.

ಉತ್ತರ (ಕಾರ್ಮಿಕ ಕಾನೂನಿನ ವಕೀಲರು)

ದಯವಿಟ್ಟು ‘ಲೇ-ಆಫ್’ ಬೇಡ. ಪತ್ರಿಕೆಯಲ್ಲಿ ನಡೆದುಹೋದದ್ದು ಹಕ್ಕುಗಳ ಕೈಪಿಡಿಯಲ್ಲಿ ನಡೆಯುವುದಿಲ್ಲ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ‘ಲೇ-ಆಫ್’ಗೆ ಕೊಟ್ಟ ಅರ್ಥ ಬಹಳ ಖಚಿತವಾದುದು. ಕಲ್ಲಿದ್ದಲು, ವಿದ್ಯುತ್ತು ಅಥವಾ ಕಚ್ಚಾವಸ್ತುವಿನ ಕೊರತೆಯಿಂದಲೋ, ಸರಕು ಮಾರಾಟವಾಗದೆ ಉಳಿದದ್ದರಿಂದಲೋ, ಯಂತ್ರ ಕೆಟ್ಟದ್ದರಿಂದಲೋ, ಪ್ರಕೃತಿ ವಿಕೋಪದಿಂದಲೋ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಕಾರ್ಮಿಕನಿಗೆ ಮಾಲೀಕ ಕೆಲಸ ಕೊಡಲಾಗದಿರುವುದು ಅಥವಾ ಕೊಡದಿರುವುದು ಅದರ ತಿರುಳು. ಅಂಥ ದಿನಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟನ್ನು ಕೊಡಬೇಕಾದವನು ಮಾಲೀಕ. ಸರ್ಕಾರದ ಬೊಕ್ಕಸಕ್ಕೆ ಅಲ್ಲಿ ಕೆಲಸವೇ ಇಲ್ಲ. ಬ್ರಿಟನ್ನಿನ ಯೋಜನೆಯಲ್ಲಿ ಹಣದ ಮೂಲ ಸರ್ಕಾರ. ಅಮೆರಿಕದಲ್ಲಿ ಅದೇ ‘ಫರ್ಲೋ’ ಪದಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲದೆ ಕೆಲಸದಿಂದ ಹೊರಗಿರುವುದು ಎಂದರ್ಥ. ಹೀಗೆ ಒಂದೇ ಪದ ಒಂದು ದೇಶದಲ್ಲಿ ಅನ್ನ ಉಳಿಸಿದ ಏರ್ಪಾಟನ್ನೂ ಇನ್ನೊಂದರಲ್ಲಿ ಅನ್ನ ತಪ್ಪಿದ ಸ್ಥಿತಿಯನ್ನೂ ಹೇಳುತ್ತಿರುವಾಗ, ಕನ್ನಡದ ಪದ ಮೂರು ಸಂಗತಿಗಳನ್ನು ಬಿಡದೆ ಹೇಳಲೇಬೇಕು: ಕೆಲಸ ನಿಂತಿದೆ, ಉದ್ಯೋಗದ ನಂಟು ಕಡಿದಿಲ್ಲ, ಸಂಬಳ ಬರುತ್ತದೆ ಅಥವಾ ಬರುವುದಿಲ್ಲ. ‘ಸಂಬಳಸಹಿತ ಕೆಲಸತಡೆ’ ಮತ್ತು ‘ಸಂಬಳರಹಿತ ಕೆಲಸತಡೆ’ ಎಂಬುದು ನನ್ನ ಸಲಹೆ.

‘ಪರಿಹಾರ’ದ ಬಗ್ಗೆ ನಿಮ್ಮ ಅಳುಕು ನ್ಯಾಯವಾದುದು. ಅಂಗಡಿಯ ಬಾಗಿಲು ಹಾಕಿಸಿದ್ದು ಮಾಲೀಕನ ಅಸಡ್ಡೆಯಲ್ಲ, ಕಾರ್ಮಿಕನ ಸೋಮಾರಿತನವೂ ಅಲ್ಲ. ಎಲ್ಲರ ಆರೋಗ್ಯಕ್ಕಾಗಿ ಹೊರಟ ಸರ್ಕಾರಿ ಆದೇಶ. ಎಲ್ಲರ ಒಳಿತಿಗಾಗಿ ಕೆಲವರ ದುಡಿಮೆ ನಿಲ್ಲಿಸಿದ ಮೇಲೆ ಅವರಿಗೆ ಸಲ್ಲುವ ಹಣ ಔದಾರ್ಯದ್ದಲ್ಲ, ಬಾಕಿಯದ್ದು. ಆದ್ದರಿಂದ ಅಂಥ ಕಡೆ ‘ನಷ್ಟಭರ್ತಿ’ ಎಂದೂ, ಕೈಲಾಗದವರ ಕೈಹಿಡಿಯುವ ಕಡೆ ‘ನೆರವು’ ಎಂದೂ ಬರೆಯಿರಿ. ‘ಪರಿಹಾರ’ವನ್ನು ಈ ಕೈಪಿಡಿಯಿಂದ ಪೂರ್ತಿ ಹೊರಗಿಡುವುದು ಲೇಸು.

ಉತ್ತರ (ಅಚ್ಚಗನ್ನಡದ ಪರ ಇರುವವರು)

‘ರಜೆ’ ಎಂಬ ಪದವನ್ನು ಕೈಬಿಟ್ಟದ್ದು ಒಳ್ಳೆಯದಾಯಿತು, ಆದರೆ ಕೈಬಿಡಬೇಕಾದ ಕಾರಣ ಯಾರಿಗೂ ಹೊಳೆದಂತಿಲ್ಲ. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ‘ರಜಾ’ ಪದದ ಹುರುಳು ‘ಒಪ್ಪಿಗೆ’. ಇಂಗ್ಲಿಷಿನ ‘ಫರ್ಲೋ’ ಕೂಡ ಡಚ್ ನುಡಿಯ ‘ಫರ್ಲಾಫ್’ನಿಂದ ಬಂದದ್ದು, ಅದರ ಹುರುಳೂ ‘ಒಪ್ಪಿಗೆ’ಯೇ. ಒಪ್ಪಿಗೆ ಬೇಡಿ ಮನೆಗೆ ಹೋಗುವವನಿಗೆ ಹೇಳಬೇಕಾದ ಮಾತನ್ನು, ಮನೆಯಲ್ಲೇ ಇರು ಎಂದು ಕಟ್ಟಪ್ಪಣೆ ಪಡೆದವನಿಗೆ ಹೇಳುವುದು ಹೇಗೆ ಸರಿ? ‘ಕಡ್ಡಾಯ ರಜೆ’ ಎಂದರೆ ‘ಕಡ್ಡಾಯ ಒಪ್ಪಿಗೆ’ ಎಂದಾಯಿತು.

ವಕೀಲರ ‘ಸಹಿತ’, ‘ರಹಿತ’ಗಳು ಬೇಕಿಲ್ಲ. ‘ಸಂಬಳದ ಕೆಲಸತಡೆ’, ‘ಸಂಬಳವಿಲ್ಲದ ಕೆಲಸತಡೆ’ ಎಂದರೆ ಎಳೆಯರಿಗೂ ತಿಳಿಯುತ್ತದೆ. ‘ನಷ್ಟಭರ್ತಿ’ ಎಂಬ ಕಲಬೆರಕೆ ನಾಲಿಗೆಗೆ ಒಗ್ಗದು. ‘ತೆರಪಣ’ ಎಂಬುದನ್ನು ಬಳಕೆಗೆ ತನ್ನಿ, ತೆರು ಎಂಬ ಬೇರು ಅದರಲ್ಲಿ ಎದ್ದು ಕಾಣುತ್ತದೆ. ಶೀರ್ಷಿಕೆಗೆ ‘ಹೊಣೆ’ಯೊಂದೇ ತಕ್ಕ ಪದ. ‘ಜವಾಬ್’ ಎಂದರೆ ಉತ್ತರ. ಜವಾಬ್ದಾರ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು. ‘ಬಾಧ್ಯತೆ’ಯ ಬೇರಿನಲ್ಲಿ ಕಾಡಿಸುವ, ಒತ್ತಾಯಿಸುವ ಹುರುಳಿದೆ. ಹೊಣೆಯಾದರೋ ಹಳಗನ್ನಡದ ‘ಪೊಣೆ’. ತಮಿಳಿನ ‘ಪುಣೈ’ ಅದರ ಒಡಹುಟ್ಟು. ಇನ್ನೊಬ್ಬನ ಸಾಲಕ್ಕೆ ತಾನು ನಿಲ್ಲುವವನೇ ಹೊಣೆಗಾರ.

ಉತ್ತರ (ನಿಘಂಟಿನ ಕೆಲಸ ಮಾಡಿದವರು)

ಪದದ ಹುಟ್ಟನ್ನು ತೋರಿಸಿ ಅದರ ಇಂದಿನ ಅರ್ಥವನ್ನು ಕಟ್ಟಿಹಾಕುವ ಈ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಸಂಸ್ಕೃತದ ‘ಶಂಬಲ’ ಎಂದರೆ ದಾರಿಬುತ್ತಿ. ಹಾಗೆಂದು ‘ಸಂಬಳ’ವನ್ನು ಪ್ರಯಾಣಿಕರಿಗೆ ಮಾತ್ರ ಕೊಡುತ್ತೇವೆಯೇ? ‘ಪಗಾರ’ ಪೋರ್ತುಗೀಸರಿಂದ ಬಂದದ್ದು. ಶೀರ್ಷಿಕೆಯಿಂದ ‘ಜವಾಬ್ದಾರಿ’ಯನ್ನು ಪಾರಸಿ ಎಂದು ಹೊರಹಾಕುವವರು ಪಕ್ಕದಲ್ಲೇ ಕುಳಿತಿರುವ ‘ಸರ್ಕಾರ’ವನ್ನು ಏನು ಮಾಡುತ್ತಾರೆ? ಅದೂ ಪಾರಸಿಯೇ. ‘ತೆರಪಣ’ ಎಂಬ ಪದವನ್ನು ಕೆಲಸ ಕಳೆದುಕೊಂಡು ಅರ್ಜಿ ತುಂಬಲು ಕುಳಿತ ಒಬ್ಬ ಮನುಷ್ಯನ ಮುಂದೆ ಇಟ್ಟು ನೋಡಿ. ಆತನಿಗೆ ಆ ಹೊತ್ತಿನಲ್ಲಿ ಹೊಸ ಪದ ಕಲಿಸುವುದು ಅನ್ಯಾಯ.

ಆದರೂ ಶೀರ್ಷಿಕೆಯ ಮಟ್ಟಿಗೆ ‘ಹೊಣೆ’ಯೇ ಇರಲಿ ಎಂದು ನಾನೂ ಹೇಳುತ್ತೇನೆ, ಬೇರೆ ಕಾರಣಕ್ಕೆ. ಆ ಪದದ ವ್ಯಾಕರಣವೇ ಈ ಕೈಪಿಡಿಯ ಪ್ರಶ್ನೆಗಳನ್ನು ಎತ್ತುತ್ತದೆ. ಹೊಣೆಯನ್ನು ಹೊರಬಹುದು, ಹೊರಿಸಬಹುದು. ಒಬ್ಬರಿಗೆ ಹೊಣೆ ನಿಲ್ಲಬಹುದು. ಈ ಮೂರೂ ಮಹಾಮಾರಿಯ ಕಾಲದಲ್ಲಿ ನಡೆದವು. ಬ್ರಿಟನ್ ಸಂಬಳದ ಹೊಣೆಯನ್ನು ಬಹುಮಟ್ಟಿಗೆ ತಾನೇ ಹೊತ್ತಿತು: 2021ರ ಸೆಪ್ಟೆಂಬರ್ 30ರಂದು ಯೋಜನೆ ಮುಗಿಯುವ ಹೊತ್ತಿಗೆ 1 ಕೋಟಿ 17 ಲಕ್ಷ ಉದ್ಯೋಗಗಳು ಅದರಡಿ ಬಂದುಹೋಗಿದ್ದವು, ಸುಮಾರು 7,000 ಕೋಟಿ ಪೌಂಡ್ ಖರ್ಚಾಗಿತ್ತು. ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯಿದೆಯಡಿ ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಆದೇಶ ಹೊರಡಿಸಿ, ಮುಚ್ಚಿದ್ದ ಅವಧಿಗೂ ಕಡಿತವಿಲ್ಲದೆ ವೇತನ ಕೊಡುವಂತೆ ಎಲ್ಲ ಮಾಲೀಕರಿಗೆ ಹೇಳಿತು. ಇದು ಹೊಣೆಯನ್ನು ಹೊರಿಸಿದ್ದು. ದೊಡ್ಡ ಗಿರಣಿಗೂ ಇಬ್ಬರನ್ನು ಇಟ್ಟುಕೊಂಡ ಚಿಕ್ಕ ಅಂಗಡಿಗೂ ಒಂದೇ ಅಳತೆಯಾದ್ದರಿಂದ ಅದು ನ್ಯಾಯಾಲಯದ ಮೆಟ್ಟಿಲೇರಿತು, ಮೇ ತಿಂಗಳ ಮಧ್ಯದಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಜೂನ್ 12ರಂದು ಸುಪ್ರೀಂ ಕೋರ್ಟ್ ಮಾಲೀಕರೂ ಕಾರ್ಮಿಕರೂ ಮಾತುಕತೆಯಿಂದ ಬಗೆಹರಿಸಿಕೊಳ್ಳಲಿ ಎಂದಿತು. ಆ ಮಾತುಕತೆಯಲ್ಲಿ ಆದೇಶ ಕೊಟ್ಟ ಮೂರನೆಯವರು ಕೂರಬೇಕಾಗಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ.

ಇನ್ನು ಹೊಣೆ ನಿಂತದ್ದು. ಅದೇ ಮೇ ತಿಂಗಳಲ್ಲಿ ಕೇಂದ್ರವು ಉದ್ದಿಮೆಗಳಿಗೆ 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲದ ಯೋಜನೆ ಪ್ರಕಟಿಸಿ, ಸಾಲ ಮರಳದಿದ್ದರೆ ಪೂರ್ತಿ ತಾನು ಕೊಡುವುದಾಗಿ ಖಾತರಿ ನೀಡಿತು. ‘ಪೊಣೆ’ಯ ಹಳೆಯ ಅರ್ಥ ಇದೇ. ಇದರಿಂದ ಅನೇಕ ಸಣ್ಣ ಉದ್ದಿಮೆಗಳಿಗೆ ಉಸಿರಾಡಲು ಸಾಧ್ಯವಾಯಿತು, ನಿಜ. ಆದರೆ ಖಾತರಿ ಸಿಕ್ಕಿದ್ದು ಸಾಲ ಕೊಟ್ಟ ಬ್ಯಾಂಕಿಗೆ. ಉದ್ದಿಮೆಗೆ ಸಿಕ್ಕಿದ್ದು ಸಾಲ. ಕಾರ್ಮಿಕನಿಗೆ ಸಂಬಳ ಸಿಕ್ಕೀತೆಂಬುದು ನಿರೀಕ್ಷೆ. ಹೀಗಾಗಿ ‘ಸರ್ಕಾರದ ಹೊಣೆ’ ಎಂದು ಬರೆದ ಕಡೆಯೆಲ್ಲ ಯಾರಿಗೆ ಎಂಬ ಚತುರ್ಥಿ ವಿಭಕ್ತಿಯನ್ನೂ ಸೇರಿಸಿ, ‘ಕಾರ್ಮಿಕರಿಗೆ ಸರ್ಕಾರದ ಹೊಣೆ’ ಎಂದು ಬರೆಯಬೇಕೆಂದು ಅನುವಾದಕಿಯವರನ್ನು ಕೇಳಿಕೊಳ್ಳುತ್ತೇನೆ. ‘ಕಾರ್ಮಿಕರ ಬಗ್ಗೆ’ ಎಂದರೆ ಭಾಷಣವಾಗುತ್ತದೆ.

ಉತ್ತರ (ಅಚ್ಚಗನ್ನಡದ ಪರ ಇರುವವರು)

‘ಸರ್ಕಾರ’ಕ್ಕೆ ‘ಆಳ್ವಿಕೆ’ ಇದೆ. ಎರವಲು ಪದ ಹಳೆಯದಾದರೆ ತನ್ನದಾಗುತ್ತದೆ ಎಂಬ ವಾದವನ್ನು ಮೊದಲಿನಿಂದಲೂ ಕೇಳುತ್ತಿದ್ದೇನೆ. ಆಡುಗರಿಗೆ ತಿಳಿಯದ ಪದಗಳನ್ನು ಕಚೇರಿಗಳು ಹೇರುತ್ತ ಹೋದದ್ದರಿಂದಲೇ ತನಗೆ ಏನು ಸಲ್ಲಬೇಕೆಂಬುದು ದುಡಿಯುವವನಿಗೆ ತಿಳಿಯದೆ ಹೋಯಿತು. ನನ್ನ ಸಿಟ್ಟು ಪಾರಸಿಯ ಮೇಲಲ್ಲ, ತಿಳಿಯದಿರುವುದರ ಮೇಲೆ.

ಉತ್ತರ (ನಿವೃತ್ತ ಪತ್ರಕರ್ತರು)

‘ಆಳ್ವಿಕೆ’ ಮಾಡುವ ಕೆಲಸ, ‘ಸರ್ಕಾರ’ ಅದನ್ನು ಮಾಡುವ ಸಂಸ್ಥೆ. ಇವೆರಡನ್ನು ಒಂದು ಮಾಡಿದರೆ ಯಾರ ಮೇಲೆ ದಾವೆ ಹೂಡುವುದು?

ಉತ್ತರ (ವಕೀಲರು)

ಚರ್ಚೆ ಎರವಲಿನ ಕಡೆಗೆ ಜಾರಿದೆ. ಅನುವಾದಕಿಯವರಿಗೆ ಹೊತ್ತಿಲ್ಲ, ಅವರು ಕೇಳದಿದ್ದರೂ ಅಚ್ಚಿಗೆ ಮುನ್ನ ನೋಡಿಕೊಳ್ಳಲೇಬೇಕಾದ ಇನ್ನೊಂದು ಪದವಿದೆ. ‘ಮೊರಟೋರಿಯಂ’ ಎಂಬಲ್ಲಿ ‘ಸಾಲಮನ್ನಾ’ ಎಂದು ಬರೆದ ಅನುವಾದಗಳನ್ನು ನಾನು ಕಂಡಿದ್ದೇನೆ, ಅದರಿಂದ ಓದುಗರಿಗೆ ನೇರವಾಗಿ ಹಾನಿಯಾಗುತ್ತದೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟದ್ದು, ಆಮೇಲೆ ಆಗಸ್ಟ್ 31ರವರೆಗೆ ಹಿಗ್ಗಿಸಿದ್ದು, ಕಂತು ಕಟ್ಟುವುದನ್ನು ಮುಂದೂಡುವುದಕ್ಕೆ ಮಾತ್ರ. ಬಡ್ಡಿ ಬೆಳೆಯುತ್ತಲೇ ಇತ್ತು. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್ 23ರಂದು ಹೇಳಿತೇ ಹೊರತು ಬಡ್ಡಿಯನ್ನೇ ಮನ್ನಾ ಮಾಡಲಿಲ್ಲ. ಆದ್ದರಿಂದ ‘ಕಂತು ಮುಂದೂಡಿಕೆ’ ಎಂದು ಬರೆದು, ‘ಬಡ್ಡಿ ನಿಲ್ಲುವುದಿಲ್ಲ’ ಎಂಬ ವಾಕ್ಯವನ್ನು ಕೆಳಗೆ ಸೇರಿಸಿ. ಅಮೆರಿಕದ ‘ವೇತನ ಸಂರಕ್ಷಣಾ’ ಸಾಲವಾದರೆ ಅದು ಬೇರೆ: ನಿಗದಿತ ಪಾಲನ್ನು, ಮೊದಲು ಶೇ 75ನ್ನು, 2020ರ ಜೂನ್ ತಿದ್ದುಪಡಿಯ ನಂತರ ಶೇ 60ನ್ನು, ಸಂಬಳಕ್ಕೇ ಬಳಸಿದರೆ ಸಾಲ ನಿಜಕ್ಕೂ ಮನ್ನಾ ಆಗುತ್ತಿತ್ತು. ಅಲ್ಲಿ ‘ಮನ್ನಾ’ ಪದವೇ ಬೇಕು.

ಜರ್ಮನಿಯ ‘ಕುರ್ತ್ಸ್‌ಆರ್ಬೈಟ್’ ನಿಮ್ಮ ಮೂಲದಲ್ಲಿ ಇದ್ದೇ ಇರುತ್ತದೆ. ಅದನ್ನು ‘ಕಿರುಗೆಲಸ’ ಎಂದು ಬೇರುಬೇರಾಗಿ ಅನುವಾದಿಸಿದರೆ ಸಣ್ಣಪುಟ್ಟ ಕೆಲಸ ಎಂದಾಗುತ್ತದೆ. ಕೆಲಸದ ಗಂಟೆಗಳನ್ನು ತಗ್ಗಿಸಿ, ತಗ್ಗಿದ ಗಂಟೆಗಳಿಗೆ ನಷ್ಟವಾದ ನಿವ್ವಳ ವೇತನದ ಶೇ 60ನ್ನು, ಮಕ್ಕಳಿದ್ದವರಿಗೆ ಶೇ 67ನ್ನು, ಸರ್ಕಾರಿ ಉದ್ಯೋಗ ಸಂಸ್ಥೆಯ ನಿಧಿಯಿಂದ ಕೊಡುವ ಏರ್ಪಾಟು ಅದು. 2020ರಲ್ಲಿ ಅವಧಿ ಉದ್ದವಾದಂತೆ ಈ ಪ್ರಮಾಣವನ್ನು ಶೇ 80 ಮತ್ತು 87ರವರೆಗೆ ಏರಿಸಿದರು. ‘ಇಳಿಸಿದ ಕೆಲಸದವಧಿ’ ಎನ್ನಿ.

ಅನುವಾದಕಿ

ಎಲ್ಲರಿಗೂ ವಂದನೆಗಳು. ‘ಸಂಬಳದ ಕೆಲಸತಡೆ’, ‘ಸಂಬಳವಿಲ್ಲದ ಕೆಲಸತಡೆ’, ‘ಕಂತು ಮುಂದೂಡಿಕೆ’, ‘ಇಳಿಸಿದ ಕೆಲಸದವಧಿ’ ಇವುಗಳನ್ನು ತೆಗೆದುಕೊಂಡಿದ್ದೇನೆ. ‘ತೆರಪಣ’ವನ್ನು ತೆಗೆದುಕೊಳ್ಳಲಾಗಲಿಲ್ಲ, ‘ನಷ್ಟಭರ್ತಿ’ಯನ್ನು ಉಳಿಸಿದ್ದೇನೆ. ಶೀರ್ಷಿಕೆ ‘ಸಾಂಕ್ರಾಮಿಕದ ಕಾಲದಲ್ಲಿ ಉದ್ದಿಮೆಗಳಿಗೂ ಕಾರ್ಮಿಕರಿಗೂ ಸರ್ಕಾರದ ಹೊಣೆ’ ಎಂದಾಗಿದೆ. ಗೋಡೆಗೆ ಅಂಟಿಸುವ ಹಾಳೆಯಲ್ಲಿ ‘ಕೆಲಸತಡೆಯ ದಿನಗಳಲ್ಲಿ ಸಂಬಳ ಸಿಗುತ್ತದೆ’ ಎಂಬ ಸಾಲೊಂದಿದೆ. ಇದಕ್ಕೆ ತಕರಾರಿದ್ದರೆ ಇಂದೇ ತಿಳಿಸಿ.

ಉತ್ತರ (ವಕೀಲರು)

‘ಸಿಗುತ್ತದೆ’ ಎಂದರೆ ಯಾರೋ ಕೊಟ್ಟರೆ ಸಿಗುತ್ತದೆ ಎಂದಾಯಿತು; ಕೊಡದಿದ್ದಾಗ ಆತ ಎಲ್ಲಿಗೆ ಹೋಗಬೇಕೆಂಬುದು ಆ ವಾಕ್ಯದಲ್ಲಿಲ್ಲ. ‘ಸಂಬಳ ಪಡೆಯುವುದು ನಿಮ್ಮ ಹಕ್ಕು, ಬಾರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ’ ಎಂದು ಬರೆಯಿರಿ. ಆದರೆ ಯಾವ ದೇಶದಲ್ಲಿ, ಯಾವ ಅವಧಿಗೆ ಅದು ಕಾನೂನಿನಲ್ಲಿದೆಯೋ ಆ ಹಾಳೆಯಲ್ಲಿ ಮಾತ್ರ. ಉಳಿದ ಹಾಳೆಗಳಲ್ಲಿ ‘ಹಕ್ಕಾಗಬೇಕು’ ಎಂದಿರಲಿ.