ದೋಣಿ ಎಳೆಯಲು ಗಾಡಿ, ಮಲಗಲು ಜಾಗ: ನಿಮ್ಮ ಅನುಭವ ಹೇಳಿ

ಪ್ಲೇನೋದ ಹೊಸಬ: ಹದಿನೆಂಟು ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿ ಕೊಂಡಿದ್ದೇನೆ, ಬಾಸ್ ಮೀನು ಹಿಡಿಯುವಂಥದ್ದು. ಟ್ರೇಲರ್, ಎಂಜಿನ್ ಸೇರಿ 2,600 ಪೌಂಡ್. ಮನೆಯಲ್ಲಿರುವುದು ಟೊಯೊಟಾದ ಎಸ್‌ಯುವಿ, ವಿ6 ಹೈಲ್ಯಾಂಡರ್. ವಸಂತದಲ್ಲಿ ಟೆಕ್ಸಾಸ್ ಕಡೆಯ ಲೇಕ್ ಫೋರ್ಕ್, ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್ ಕೆರೆಗಳ ಮೀನು ಹಿಡಿಯುವ ಸ್ಪರ್ಧೆಗಳಿಗೆ ಹೋಗುವ ಆಸೆ. ಪಿಕಪ್ ಕೊಳ್ಳಲೇಬೇಕೇ? ರಾತ್ರಿಗೆ 70 ಡಾಲರಿನೊಳಗೆ ಎಲ್ಲಿ ಉಳಿಯುತ್ತೀರಿ?

ಅರ್ವಿಂಗ್ ಗಾಳಗಾರ: ಗಾಡಿಯ ಮಾತು ಆಮೇಲೆ, ಮೊದಲು ಟ್ರೇಲರ್ ಚಕ್ರದ ಬೇರಿಂಗ್. 2019ರಲ್ಲಿ ಅಲಬಾಮಾದ ಗಂಟರ್ಸ್‌ವಿಲ್ ಕೆರೆಯ ಸ್ಪರ್ಧೆಗೆ ಹೊರಟಿದ್ದೆ. ಲೂಯಿಸಿಯಾನಾದ ಮನ್ರೋ ದಾಟುವ ಮುನ್ನ ಬಲಗಡೆಯ ಚಕ್ರದಿಂದ ಹೊಗೆ. ಭಾನುವಾರ. ಎಳೆದೊಯ್ಯಲು 385, ಚಕ್ರದ ನಡುವಿನ ಹಬ್ 140, ಕೂಲಿ 260, ಆ ರಾತ್ರಿಯ ಕೋಣೆ 89, ಮುಳುಗಿದ ಪ್ರವೇಶ ಶುಲ್ಕ 200. ಒಟ್ಟು 1,074 ಡಾಲರ್, ಒಂದು ಮೀನೂ ಇಲ್ಲ. ಓಡಿ ಕಾದ ಹಬ್ಬನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಈಗ ಕೆರೆ ತಲುಪಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ಫ್ರಿಸ್ಕೋ ಪಿಕಪ್: ಹೈಲ್ಯಾಂಡರ್ ಸಾಕು ಎನ್ನುವವರು ಬರುವ ಮೊದಲೇ ನನ್ನ ಕಥೆ ಕೇಳಿ. ನನ್ನ ಮಿನಿವ್ಯಾನ್ ಎಳೆಯಬಲ್ಲದ್ದು 3,500 ಪೌಂಡ್. ದೋಣಿ ಮಾರಿದವನು 3,200 ಎಂದಿದ್ದ. ಲಾರಿಗಳ ತೂಕದ ಕಟ್ಟೆಯಲ್ಲಿ ನಿಲ್ಲಿಸಿದಾಗ 4,150 ಬಂತು! ಬ್ಯಾಟರಿ, ತುಂಬಿದ ಟ್ಯಾಂಕು, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳ ಡಬ್ಬಿ, ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟರಲ್ಲಿ ಗೇರ್‌ಬಾಕ್ಸ್ ಸತ್ತಿತ್ತು, 4,800 ಡಾಲರ್. ಆಮೇಲೆ 23,400ಕ್ಕೆ ಹಳೆಯ ಎಫ್-150 ಪಿಕಪ್ ತಂದೆ. ದೋಣಿ ಕಟ್ಟಿದರೆ ಗ್ಯಾಲನ್‌ಗೆ ಹತ್ತೇ ಮೈಲಿ, ಆದರೂ ನೆಮ್ಮದಿ ಇದೆ.

ಆಸ್ಟಿನ್ ನಿವೃತ್ತ: ನಿಮ್ಮ ನೆಮ್ಮದಿಯ ಕಂತು ಇನ್ನೆಷ್ಟು ಉಳಿದಿದೆ? ನಾನು ಹನ್ನೊಂದು ವರ್ಷದಿಂದ ಹೈಲ್ಯಾಂಡರ್‌ನಲ್ಲೇ ಎಳೆಯುತ್ತಿದ್ದೇನೆ. ಮೋಟೆಲಿಗೆ ಕಾಸು ಕೊಟ್ಟವನೂ ಅಲ್ಲ. ರೇಬರ್ನ್ ಸುತ್ತ ಸೈನ್ಯದ ಎಂಜಿನಿಯರ್ ದಳದ ಕ್ಯಾಂಪ್ ಜಾಗಗಳಿವೆ, ಕರೆಂಟು ಇರುತ್ತದೆ, ರಾತ್ರಿಯೆಲ್ಲ ಟ್ರೋಲಿಂಗ್ ಮೋಟಾರಿನ (ದೋಣಿಯನ್ನು ಮೆಲ್ಲಗೆ ನಡೆಸುವ ಸಣ್ಣ ಮೋಟಾರು) ಬ್ಯಾಟರಿಗೆ ಚಾರ್ಜ್ ಕೊಡಬಹುದು. 62 ದಾಟಿದವರಿಗೆ ಕೇಂದ್ರ ಸರ್ಕಾರ ಕೊಡುವ ಆಜೀವ ಪಾಸ್ ಇದ್ದರೆ ಅರ್ಧ ಬೆಲೆ. 2017ರ ಆಗಸ್ಟ್‌ನಲ್ಲಿ ಅದನ್ನು ಹತ್ತರಿಂದ ಎಂಬತ್ತು ಡಾಲರಿಗೆ ಏರಿಸಿದರು. ನಾನು ಜುಲೈನಲ್ಲೇ ತೆಗೆದುಕೊಂಡಿದ್ದೆ. ಒಂದೇ ನಷ್ಟ: ಕಳೆದ ಮಾರ್ಚ್‌ನಲ್ಲಿ ರಕೂನು ಡೇರೆಗೆ ನುಗ್ಗಿ ಪುಳಿಯೋಗರೆಯ ಡಬ್ಬಿಯನ್ನೇ ಹೊತ್ತೊಯ್ದಿತು.

ಫ್ರಿಸ್ಕೋ ಪಿಕಪ್: ಆ ಪಾಸ್ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಾನು ಸಾಲಿನಲ್ಲಿ ನಿಂತು ಹದಿಮೂರು ವರ್ಷವಾಯಿತು. 62 ಆದರೂ ಸಿಗುವ ನಂಬಿಕೆಯಿಲ್ಲ.

ಆಸ್ಟಿನ್ ನಿವೃತ್ತ: ಅದಕ್ಕೂ ಗೇರ್‌ಬಾಕ್ಸಿಗೂ ಏನು ಸಂಬಂಧ? ತೂಗಿ ನೋಡದೆ ಎಳೆದದ್ದು ನೀವು.

ಕುಂದಾಪುರ–ಹೂಸ್ಟನ್: ಜಗಳ ಬಿಡಿ, ಮೋಟೆಲಿನ ವಿಷಯ ಹೇಳುತ್ತೇನೆ. ಸಣ್ಣ ಊರಿನ ಹಳೆಯ ಮೋಟೆಲ್ ಎಂದರೆ ಮಾಲೀಕರು ಬಹುಪಾಲು ಪಟೇಲರೇ. ಫೋನು ಮಾಡಿ ನೆಲಮಹಡಿ, ಬಾಗಿಲ ಮುಂದೆಯೇ ಗಾಡಿ ನಿಲ್ಲಿಸುವ ಜಾಗ, ಹೊರಗೆ ಪ್ಲಗ್, ಈ ಮೂರನ್ನು ಕೇಳಿ. ಜಾಸ್ಪರ್ ಬಳಿ ಒಂದು ಕಡೆ ಕಿಟಕಿಯಿಂದ ವೈರು ಎಳೆದದ್ದಕ್ಕೆ 25 ಡಾಲರ್ ದಂಡ ಹಾಕಿದರು. ಇನ್ನೊಂದು ಕಡೆ ಅಜ್ಜಿಯೊಬ್ಬರು ಗುಜರಾತಿ ರೊಟ್ಟಿ ಥೇಪ್ಲಾ ಕೊಟ್ಟು ಕಳಿಸಿದರು. ದೋಣಿಯ ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಮೀನು ಹುಡುಕುವ ಪರದೆಯನ್ನು ಬಿಚ್ಚಿ ಒಳಗಿಡಿ. ನಾನು ಬಿಚ್ಚದ ಒಂದೇ ರಾತ್ರಿ ಹೋಯಿತು, 1,900 ಡಾಲರ್. ಅಂದ ಹಾಗೆ, ಐದು ಮೀನು ತೂಗಿ ಮತ್ತೆ ನೀರಿಗೆ ಬಿಡುವುದಕ್ಕೆ ಇಷ್ಟೆಲ್ಲ ಖರ್ಚೇ? ನಮ್ಮೂರಿನಲ್ಲಿ ಹೇಳಿದರೆ ನಗುತ್ತಾರೆ.

ಅರ್ವಿಂಗ್ ಗಾಳಗಾರ: ನಗುವವರು ನಗಲಿ. ಸತ್ತ ಮೀನು ತಂದರೆ ತೂಕದಲ್ಲಿ ಕಡಿತ, ಗೊತ್ತೇ?

ಕುಂದಾಪುರ–ಹೂಸ್ಟನ್: ಗೊತ್ತು. ಜೂನ್ ಬಿಸಿಲಿನಲ್ಲಿ ಲೈವ್‌ವೆಲ್‌ಗೆ (ಹಿಡಿದ ಮೀನನ್ನು ಜೀವಂತ ಇಡುವ ದೋಣಿಯ ತೊಟ್ಟಿ) ಮಂಜುಗಡ್ಡೆ ಹಾಕುತ್ತಾ ಕೂತವನು ನಾನು. ನಿಮಗಿಂತ ಮೊದಲಿನಿಂದ.

ಆಸ್ಟಿನ್ ನಿವೃತ್ತ: ಬಾಸ್‌ಗೆ ರುಚಿಯೇ ಇಲ್ಲ.

ಕುಂದಾಪುರ–ಹೂಸ್ಟನ್: ಪುಳಿಯೋಗರೆಯವರು ಮೀನಿನ ರುಚಿ ಹೇಳುವುದೇ!

ಪ್ಲೇನೋದ ಹೊಸಬ: ಹೈಲ್ಯಾಂಡರ್ 5,000 ಪೌಂಡ್ ಎಳೆಯುತ್ತದೆ ಎಂದು ಪುಸ್ತಕದಲ್ಲಿದೆ. ಹಾಗಾದರೆ ಸಾಕಲ್ಲವೇ?

ಫ್ರಿಸ್ಕೋ ಪಿಕಪ್: ದೋಣಿ ಇಳಿಸುವ ಪಾಚಿ ಹಿಡಿದ ಇಳಿಜಾರಿನಲ್ಲಿ ಪುಸ್ತಕ ದೋಣಿ ಎಳೆದು ನೋಡಿಲ್ಲ. ಮುಂದಿನ ಚಕ್ರಗಳಿಗಷ್ಟೇ ಬಲವಿದ್ದರೆ ನಿಂತಲ್ಲೇ ತಿರುಗುತ್ತವೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯೇ ನಿಮ್ಮದು?

ಆಸ್ಟಿನ್ ನಿವೃತ್ತ: ಹನ್ನೊಂದು ವರ್ಷ, ಮುಂದಿನ ಚಕ್ರ ಮಾತ್ರ. ಒಮ್ಮೆಯೂ ಜಾರಿಲ್ಲ.

ಕುಂದಾಪುರ–ಹೂಸ್ಟನ್: 2022ರ ಏಪ್ರಿಲ್‌ನಲ್ಲಿ ರೇಬರ್ನ್‌ನಲ್ಲಿ ನಿಮ್ಮನ್ನು ಹಗ್ಗ ಕಟ್ಟಿ ಮೇಲೆ ಎಳೆದದ್ದು ಯಾರು ಸ್ವಾಮಿ?

ಆಸ್ಟಿನ್ ನಿವೃತ್ತ: ಆ ದಿನ ಮಳೆ ಬಂದಿತ್ತು.